ಮೊದಲು ಬಹುವಚನ, ಆಮೇಲೆ ಗುಳಿಗಿ

ಹತ್ತಿಕುಣಿಯ ಹೆಸರಲ್ಲಿ ಒಂದು ಜಲಾಶಯವಿದೆ. ಆದರೂ ಹೊಲವಿಲ್ಲದ ನಮ್ಮ ಮಂದಿ ಬೆಂಗಳೂರು, ಪುಣೆ, ಮುಂಬಯಿಗೆ ಗುಳೆ ಹೋಗುತ್ತಾರೆ. ದುಡ್ಡು ತಂದರೆ ಊರು ಎಣಿಸುತ್ತದೆ. ಮನಸ್ಸು ಮುರಕೊಂಡು ಬಂದರೆ ಯಾರೂ ಎಣಿಸುವುದಿಲ್ಲ. ಅಂಥವರಿಗೆ ಕೇರಿಯಲ್ಲಿ ಮೂರೇ ದಾರಿ: ತಾಯತ, ಸೆರೆ, ಮೌನ.

ನಮ್ಮ ಕಾಕಾ ಒಬ್ಬರು ಬೆಂಗಳೂರಿನ ಕಟ್ಟಡ ಕೆಲಸದಿಂದ ವಾಪಸ್ ಬಂದರು. ರಾತ್ರಿ ನಿದ್ದೆಯಿಲ್ಲ. "ಎದಿ ಮ್ಯಾಲ ಕಲ್ಲ ಇಟ್ಟಂಗ ಆಗ್ಯದ" ಅಂದರು. ಒಂದು ದವಾಖಾನೆಗೆ ಕರಕೊಂಡು ಹೋದೆವು. ಮನಸ್ಸಿನ ಮಾತು ಕೇಳುವವರು ಕುರ್ಚಿಯ ಮೇಲೆ. ಐವತ್ತು ದಾಟಿದ ಕಾಕಾ ನಿಂತೇ ಇದ್ದರು. ಮೊದಲ ಪ್ರಶ್ನೆ: "ಏನೋ ನಿಂದು? ಕುಡೀತೀಯೇನು?" ಕಡೆಯ ಮಾತು: "ಚಿಂತಿ ಬಿಡು, ಒಳ್ಳೇದು ಯೋಚನೆ ಮಾಡು." ಹೊರಗೆ ಬಂದು ಕಾಕಾ ಅಂದರು: "ಗೌಡರ ಅಂಗಳದಾಗ ನಿಂತಂಗ ಆಯ್ತು ನೋಡು."

ಮನಸ್ಸು ರಿಪೇರಿ ಮಾಡಲು ಬರುವವರೇ, ನಿಮ್ಮನ್ನು ಕೇಳುತ್ತೇವೆ: ಯಾಕೆ ಬಂದಿರಿ? ಸಂಬಳಕ್ಕೆ ಬಂದಿದ್ದರೆ ನಾಚಿಕೆ ಬೇಡ. ನಾವೂ ಕೂಲಿಯವರೇ, ಕೂಲಿಗೆ ತಕ್ಕ ಕೆಲಸ ಮಾಡಿ. ಕನಿಕರಕ್ಕೆ ಬಂದಿದ್ದರೆ ಬಂದ ದಾರಿಯಲ್ಲೇ ಹೋಗಿ. ಕನಿಕರ ಮೇಲಿನಿಂದ ಸುರಿಯುವ ನೀರು. ಎತ್ತಿ ಸುರಿದ ನೀರನ್ನು ನಮ್ಮ ಅಜ್ಜಂದಿರು ಬೊಗಸೆಯೊಡ್ಡಿ ಕುಡಿದದ್ದು ಸಾಕು.

ಫ್ರಾನ್ಸ್ ಫ್ಯಾನನ್ ಎಂಬ ಕರಿಯ ವೈದ್ಯ 1953ರಲ್ಲಿ ಅಲ್ಜೀರಿಯಾದ ಬ್ಲಿಡಾ ಆಸ್ಪತ್ರೆಗೆ ಮನೋವೈದ್ಯನಾಗಿ ಹೋದ. ದೇಶವನ್ನೇ ತುಳಿಯುತ್ತಿರುವಾಗ ಒಬ್ಬೊಬ್ಬರನ್ನೇ ವಾಸಿಮಾಡಿ ಅದೇ ತುಳಿತಕ್ಕೆ ವಾಪಸ್ ಕಳಿಸುವುದು ಎಂಥ ವೈದ್ಯ ಅನ್ನಿಸಿ, 1956ರಲ್ಲಿ ರಾಜೀನಾಮೆ ಕೊಟ್ಟ. ಬಾಬಾಸಾಹೇಬರು 1936ರಲ್ಲೇ ಜಾತಿಯನ್ನು ಮನಸ್ಸಿನ ಸ್ಥಿತಿಯೆಂದು ಗುರುತಿಸಿದ್ದರು. ಹಾಗಾದರೆ ಮುಟ್ಟಿಸಿಕೊಳ್ಳದ ಮನಸ್ಸಿಗೆ ರೋಗವೋ, ಅದರಿಂದ ನಿದ್ದೆಗೆಟ್ಟ ಮನಸ್ಸಿಗೆ ರೋಗವೋ? ಚೀಟಿ ಮಾತ್ರ ಯಾವಾಗಲೂ ನಮ್ಮ ಹೆಸರಿಗೇ ಬರೆಯುತ್ತೀರಿ!

ಆದರೆ ಗೆಳೆಯರೇ, ಬೆರಳು ನಮ್ಮ ಕಡೆಗೂ ತಿರುಗಲಿ. ಪದವಿ ಪಡೆದು ಬಂದ ಸಂಗಾತಿಯೊಬ್ಬ ತಿಂಗಳುಗಟ್ಟಲೆ ನಿದ್ದೆಗೆಟ್ಟಾಗ "ಹೋರಾಟಕ್ಕ ಬಾ, ಎಲ್ಲಾ ಸರಿ ಆಗ್ತದ" ಅಂದವರು ನಾವೇ. ಅವನು ಮಾತು ನಿಲ್ಲಿಸಿದ. ನಾವು ಹಾಡು ನಿಲ್ಲಿಸಲಿಲ್ಲ. ಭೂಮಿ ಹಂಚಿದ ಮರುದಿನ ಕಿವಿಯೊಳಗಿನ ದನಿಗಳು ಸುಮ್ಮನಾಗುವುದಿಲ್ಲ. ಅದಕ್ಕೆ ಔಷಧ ಬೇಕು, ಬಹಳ ದಿನ ಬೇಕು. ಸಿಟ್ಟನ್ನು ರೋಗವೆನ್ನುವವರು ಎಷ್ಟು ತಪ್ಪೋ, ರೋಗವನ್ನು ಹೇಡಿತನವೆನ್ನುವ ನಾವೂ ಅಷ್ಟೇ ತಪ್ಪು.

ಹಾಗಾದರೆ ಹೇಗೆ ಬರಬೇಕು? "ಬರ್ರಿ, ಕೂಡ್ರಿ" ಅನ್ನಿರಿ. ವಯಸ್ಸಾದವರನ್ನು ಹುಡುಗರಂತೆ ಕರೆಸಿಕೊಂಡೇ ಸಾಯಿಸಿದ ಊರು ಇದು. ಇಲ್ಲಿ ಮೊದಲ ಔಷಧ ಬಹುವಚನ. ಕೂಲಿ ಬಂತೋ, ಸಾಲ ಎಷ್ಟಿದೆ, ಯಾರು ಏನಂದರು ಎಂದು ಕೇಳಿ. ನಮ್ಮ ಮಾತಿನಲ್ಲೇ ಕೇಳಿ. ಗುಳಿಗಿ ಯಾಕೆ, ಎಷ್ಟು ದಿನ ಎಂದು ತಿಳಿಸಿ ಹೇಳಿ, ಒಪ್ಪಿಗೆ ಪಡೆಯಿರಿ. ಕೇರಿಯ ಗುಟ್ಟು ಊರಿನ ಕಟ್ಟೆಗೆ ಹೋಗದಿರಲಿ.

ಇದು ಭಿಕ್ಷೆಯಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 18ನೇ ಕಲಮು ಸರ್ಕಾರಿ ಚಿಕಿತ್ಸೆಯನ್ನು ಎಲ್ಲರ ಹಕ್ಕೆಂದಿದೆ. 23ನೇದು ಗುಟ್ಟು ಕಾಯಬೇಕೆನ್ನುತ್ತದೆ. ಸಾಮಾಜಿಕ ಸ್ಥಾನ ನೋಡಿ, ಇಲ್ಲವೇ ಊರಿನ ಕಟ್ಟಳೆ ಒಪ್ಪಲಿಲ್ಲವೆಂದು ಯಾರನ್ನೂ ಮನೋರೋಗಿಯೆನ್ನುವಂತಿಲ್ಲ. ಅದು 3ನೇ ಕಲಮು. ಅಸಾಧ್ಯವೂ ಅಲ್ಲ. ನಮ್ಮದೇ ಕಲ್ಯಾಣ ಕರ್ನಾಟಕದ ಬಳ್ಳಾರಿ ಜಿಲ್ಲೆಯಲ್ಲಿ 1985ರಿಂದ ನಿಮ್ಹಾನ್ಸ್‌ನವರು ಹಳ್ಳಿ ದವಾಖಾನೆಯ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ತರಬೇತಿ ಕೊಟ್ಟು ತೋರಿಸಿದರು. 1996ರಲ್ಲಿ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿ. ಆದರೂ 2015-16ರ ರಾಷ್ಟ್ರೀಯ ಸಮೀಕ್ಷೆ ಏನು ಹೇಳಿತು? ರೋಗ ಯಾವುದೇ ಇರಲಿ, ನೂರರಲ್ಲಿ ಎಪ್ಪತ್ತರಿಂದ ತೊಂಬತ್ತೆರಡು ಮಂದಿಗೆ ಚಿಕಿತ್ಸೆಯೇ ಮುಟ್ಟಿಲ್ಲ. ಮಾದರಿ ನಮ್ಮ ಸೀಮೆಯದು, ಮೌನವೂ ನಮ್ಮದೇ!

ಹಳ್ಳಿಯ ಮೇಷ್ಟ್ರೇ, 14416 ಎಂಬ ಸಂಖ್ಯೆಯನ್ನು ಶಾಲೆಯ ಗೋಡೆಗೆ ಬರೆಯಿರಿ. 2022ರ ಅಕ್ಟೋಬರಿನಲ್ಲಿ ಶುರುವಾದ ಟೆಲಿಮಾನಸ್ ಅದು. ಹಗಲೂ ರಾತ್ರಿ, ಖರ್ಚಿಲ್ಲದೆ ಮಾತಾಡಬಹುದು. ಸಂಘದ ಗೆಳೆಯರೇ, ಮೀಟಿಂಗಿಗೆ ಬಾರದವನ ಮನೆಗೆ ಹೋಗಿ ಬಾಗಿಲು ಬಡಿಯಿರಿ. ಭಾಷಣ ಬೇಡ, ಬರೇ ಕೂಡ್ರಿ.

ಬರುವ ವಾರ ಕಾಕಾನ ಜೋಡಿ ಮತ್ತೆ ಹೋಗುತ್ತೇವೆ. ಈ ಸಲ ಕುರ್ಚಿಯನ್ನು ನಾವೇ ಎಳೆದು ಹಾಕುತ್ತೇವೆ.