ಎಂಟು ಕೆ.ಜಿ.ಯಲ್ಲಿ ಏನಾಗುತ್ತೆ ಅನ್ನಬೇಡಿ!

‘ಎಷ್ಟು ಕೆ.ಜಿ. ಎತ್ತುತ್ತೀಯಾ?’ ಜಿಮ್‌ಗೆ ಹೋಗುವ ಹುಡುಗರು ಒಬ್ಬರನ್ನೊಬ್ಬರು ಕೇಳುವ ಮೊದಲ ಪ್ರಶ್ನೆಯೇ ಇದು. ಹೇಗೆ ಎತ್ತುತ್ತೀಯಾ ಎಂದು ಯಾರೂ ಕೇಳುವುದಿಲ್ಲ. ಈ ಅಂಕಿಯ ಹುಚ್ಚು ನೋಡಿಯೇ, ಜಿಮ್ ಫೀಸು ಕಟ್ಟಲಾಗದ ಹಾಸ್ಟೆಲ್ ಹುಡುಗ, ಅಲ್ಲಿಗೆ ಹೋಗಲು ಮುಜುಗರಪಡುವ ಹುಡುಗಿ ‘ಇದು ನಮಗಲ್ಲ’ ಎಂದು ಸುಮ್ಮನಾಗಿಬಿಡುತ್ತಾರೆ. ಶುರು ಮಾಡಲು ಅವರಿಗೆ 8 ಕೆ.ಜಿ.ಯ ಒಂದೇ ಒಂದು ಕೆಟಲ್‌ಬೆಲ್ ಸಾಕು ಎಂಬುದು ನನ್ನ ವಾದ.

ಹಿಡಿಕೆಯುಳ್ಳ ಈ ಕಬ್ಬಿಣದ ಗುಂಡು ಮೂಲತಃ ಜಿಮ್‌ನದ್ದಲ್ಲ. ರಷ್ಯಾದ ಸಂತೆಗಳಲ್ಲಿ ಧಾನ್ಯ ತೂಗುತ್ತಿದ್ದ ತೂಕದ ಬಟ್ಟು ಅದು. ಅಲ್ಲಿನ ಹಳೆಯ ಅಳತೆ ‘ಪೂಡ್’ ಅಂದರೆ ಸುಮಾರು 16 ಕೆ.ಜಿ. ಅದರ ಅರ್ಧ ತೂಕದಿಂದ ಏನಾದೀತು ಅನ್ನುವಿರಾ?

ಗುಂಡಿನ ಮೇಲಿರುವ ಅಂಕಿ ಓದಲು ಸ್ನಾಯುವಿಗೆ ಬರುವುದಿಲ್ಲ. ಅದಕ್ಕೆ ತಿಳಿಯುವುದು ತನ್ನ ಮೇಲೆ ಬಿದ್ದ ಹೊರೆ ಮತ್ತು ದಣಿವು ಮಾತ್ರ. ಬಿ.ಇ. ಮೊದಲ ವರ್ಷದ ಮೆಕ್ಯಾನಿಕ್ಸ್ ನೆನಪಿಸಿಕೊಳ್ಳಿ. ಭುಜದಿಂದ 30 ಸೆಂ.ಮೀ. ಮುಂದೆ ಹಿಡಿದ ಗುಂಡನ್ನು 60 ಸೆಂ.ಮೀ. ದೂರಕ್ಕೆ ಚಾಚಿದರೆ, ಅದು ಭುಜದ ಮೇಲೆ ಹೇರುವ ಟಾರ್ಕ್ ಇಮ್ಮಡಿ. ತೂಕ ಒಂದು ಗ್ರಾಂ ಕೂಡ ಹೆಚ್ಚಿಲ್ಲ! ನಮ್ಮ ಗರಡಿಮನೆ ಪೈಲ್ವಾನರು ತಿರುಗಿಸುವ ಗದೆಯ ಗುಟ್ಟೂ ಇದೇ. ಉದ್ದನೆಯ ಕೋಲಿನ ತುದಿಯಲ್ಲಿರುವುದರಿಂದಲೇ ಆ ಗುಂಡು ಭುಜವನ್ನು ಅಷ್ಟು ಜಗ್ಗುತ್ತದೆ.

ಇನ್ನು ವೇಗ. ಗುಂಡನ್ನು ಎದೆಗವಚಿಕೊಂಡು ಬಸ್ಕಿ ಹೊಡೆಯುವಾಗ ಐದು ಎಣಿಸುತ್ತಾ ಇಳಿಯಿರಿ, ಕೆಳಗೆ ಎರಡು ಎಣಿಸಿ ಮೇಲೇಳಿ. ಇಪ್ಪತ್ತು ಬಸ್ಕಿ ಸಲೀಸಾಗಿ ಹೊಡೆಯುವವರಿಗೂ ಹತ್ತಕ್ಕೇ ತೊಡೆ ನಡುಗತೊಡಗುತ್ತದೆ. ಅದೂ ಸುಲಭವಾಯಿತೇ? ಒಂದೇ ಕಾಲಿನ ಮೇಲೆ ನಿಂತು, ಬೆನ್ನು ನೇರವಿಟ್ಟು, ಸೊಂಟದಿಂದ ಬಾಗಿ ಗುಂಡನ್ನು ನೆಲದಿಂದ ಎತ್ತಿ. ಆಮೇಲೆ ಹಿಡಿಕೆ ಕೆಳಗೆ, ಗುಂಡು ಮೇಲೆ ಬರುವಂತೆ ಹಿಡಿದು ಮೇಲಕ್ಕೆ ಒತ್ತಿ. ಅದು ಹೊರಳದಂತೆ ಕಾಯುವಷ್ಟರಲ್ಲಿ ಮುಂಗೈ, ಭುಜ ಎರಡೂ ಸೋತಿರುತ್ತವೆ. ಹೊರಳಿದರೂ ತಲೆಗೆ ಬಡಿಯದಂತೆ ಕೈ ತುಸು ಆಚೆಗಿರಲಿ.

ಹಾಗೆಂದು 8 ಕೆ.ಜಿ.ಯಿಂದಲೇ 100 ಕೆ.ಜಿ. ಎತ್ತುವ ತಾಕತ್ತು ಬರುತ್ತದೆ ಎಂದರೆ ಸುಳ್ಳಾದೀತು. ತೊಡೆಗೆ, ಬೆನ್ನಿಗೆ ಒಂದು ದಿನ ಹೆಚ್ಚಿನ ಭಾರ ಬೇಕೇ ಬೇಕು. ಆದರೆ ಆ ದಿನಕ್ಕಾಗಿ ಕಾಯುತ್ತಾ ಕೂರುವುದೇಕೆ? ಲ್ಯಾಪ್‌ಟಾಪ್ ಮುಂದೆ ಗಂಟೆಗಟ್ಟಲೆ ಕೂತು ಇಪ್ಪತ್ತಕ್ಕೇ ‘ಬೆನ್ನು ನೋವು’ ಅನ್ನುವ ನಮಗೆ ಮೊದಲು ಬೇಕಿರುವುದು ರೀಲ್ಸ್‌ನಲ್ಲಿ ತೋರಿಸುವ ಬಲವಲ್ಲ, ದಿನದ ಬದುಕಿಗೆ ಒದಗುವ ಬಲ.

ವಾರಕ್ಕೆ ಮೂರು ದಿನ, ಇಪ್ಪತ್ತು ನಿಮಿಷ, ಮಂಚದ ಪಕ್ಕ ಚಾಪೆ ಹಾಸುವಷ್ಟು ಜಾಗ. ಇಂಟರ್ನಲ್ಸ್ ಇರುವ ವಾರದಲ್ಲೂ ಇಷ್ಟು ಸಿಕ್ಕೇ ಸಿಗುತ್ತದೆ, ಅಲ್ವಾ?