ಡ್ರೈವರಣ್ಣನ ನಿದ್ದೆಯನ್ನು ಯಾರು ಲೆಕ್ಕಕ್ಕೆ ಹಿಡಿದರು?



ಈ ಸಲದ ವೇಳಾಂಗಣಿ ಯಾತ್ರೆಯ ಪ್ಲಾನು ನಮ್ಮ ವಾಟ್ಸಾಪ್ ಗುಂಪಿಗೆ ಬಂದು ಬಿದ್ದಿದೆ. ಹೋಗುವ ದಾರಿಯ ಬಗ್ಗೆ ಯಾರದೂ ತಕರಾರಿಲ್ಲ. ಬರುವ ದಾರಿಯದ್ದೇ ಗಲಾಟೆ. ಶನಿವಾರ ರಾತ್ರಿ 8ಕ್ಕೆ ವೇಳಾಂಗಣಿ ಬಿಡುವುದು. ತಂಜಾವೂರು, ತಿರುಚ್ಚಿ, ಕರೂರು, ಈರೋಡು, ಸತ್ಯಮಂಗಲ ದಾಟಿ ಬೆಳಗ್ಗೆ 6ಕ್ಕೆ ಬಣ್ಣಾರಿ ಗೇಟು. ಗೇಟು ತೆಗೆದ ಕೂಡಲೇ ದಿಂಬಂ ಘಾಟಿ ಹತ್ತಿ, ಹಾಸನೂರಿನಲ್ಲಿ ನಮ್ಮ ತಾಳವಾಡಿ ಕಡೆಗೆ ತಿರುಗದೆ ನೇರವಾಗಿ ಚಾಮರಾಜನಗರ, ಮೈಸೂರು. ಸಂತ ಫಿಲೋಮಿನಾ ಚರ್ಚು, ಊಟ, ಸಂಜೆ ಅರಮನೆಯ ದೀಪ. ರಾತ್ರಿ 10ಕ್ಕೆ ಗೆಟ್ಟವಾಡಿ. ಒಂದು ರಾತ್ರಿಯ ರೂಮು ಬಾಡಿಗೆ ಉಳಿಯಿತು ಅಂತ ಎಲ್ಲರೂ ಚಪ್ಪಾಳೆ ಇಮೋಜಿ ಹಾಕಿದ್ದಾರೆ.

ನಾವು ಹಾಕಿಲ್ಲ. ಯಾಕೆ ಅಂತ ಇಲ್ಲಿ ಹೇಳುತ್ತೇವೆ.

ಸಮುದ್ರದಿಂದ ಮೈಸೂರಿಗೆ ಸುಮಾರು 500 ಕಿಲೋಮೀಟರ್. ಆ ಪ್ಲಾನಿನಲ್ಲಿ ಟೀ ಎಲ್ಲಿ, ತಿಂಡಿ ಎಲ್ಲಿ, ಸೆಲ್ಫಿ ಎಲ್ಲಿ ಅನ್ನುವುದೆಲ್ಲ ಇದೆ. ಡ್ರೈವರಣ್ಣ ಎಲ್ಲಿ ಮಲಗುತ್ತಾರೆ ಅನ್ನುವುದು ಮಾತ್ರ ಇಲ್ಲ. ಶನಿವಾರ ಬೆಳಗ್ಗೆ 6ಕ್ಕೆ ಎದ್ದ ಮನುಷ್ಯ ಭಾನುವಾರ ರಾತ್ರಿ 10ಕ್ಕೆ ಮನೆ ಸೇರಬೇಕು. ಕೂಡಿ ನೋಡಿ, 40 ಗಂಟೆ. ಮಧ್ಯೆ ಮೈಸೂರಿನ ಬಿಸಿಲಲ್ಲಿ ವ್ಯಾನಿನ ಸೀಟು ಹಿಂದಕ್ಕೆ ಒರಗಿಸಿಕೊಂಡು ಕಣ್ಣು ಮುಚ್ಚಿದ್ದೇ ಅವರ ಪಾಲಿನ ನಿದ್ದೆ.

ಹೋದ ವರ್ಷ ಏನಾಯಿತು ಅಂತ ವ್ಯಾನಿನಲ್ಲಿದ್ದ ನಮಗೆಲ್ಲ ಗೊತ್ತು, ಆದರೆ ಮನೆಯಲ್ಲಿ ಯಾರೂ ಹೇಳಿಲ್ಲ. ಈಗ ಹೇಳಿಬಿಡುತ್ತೇವೆ. ಕರೂರು ದಾಟಿದ ಮೇಲೆ, ಬೆಳಗಿನ ಜಾವ ಮೂರೂವರೆ ಇರಬಹುದು, ಎಡಗಡೆ ಚಕ್ರ ರಸ್ತೆ ಬಿಟ್ಟು ಜಲ್ಲಿಯ ಮೇಲೆ ಹೋಯಿತು. ಆ ಸದ್ದಿಗೆ ಡ್ರೈವರಣ್ಣನಿಗೇ ಎಚ್ಚರವಾಯಿತು. ಒಂದು ನಿಮಿಷ ಗಾಡಿ ನಿಲ್ಲಿಸಿ ಮುಖ ತೊಳೆದು, "ಏನಿಲ್ಲ, ಮಲಿಕಳಿ" ಅಂದರು. ನಾವು ಮಲಗಿಯೂಬಿಟ್ಟೆವು! ತಪ್ಪು ಅವರದಲ್ಲ. ವೇಳಾಂಗಣಿಯಲ್ಲಿ ನಾವು ಲಾಡ್ಜಿನಲ್ಲಿ ಫ್ಯಾನು ಹಾಕಿಕೊಂಡು ಮಲಗಿದ್ದ ಎರಡು ರಾತ್ರಿಯೂ ಅವರು ಪಾರ್ಕಿಂಗಿನಲ್ಲಿ ವ್ಯಾನಿನ ಬಾಗಿಲು ತೆರೆದುಕೊಂಡು ಸೊಳ್ಳೆ ಹೊಡೆಯುತ್ತಾ ನಮ್ಮ ಬ್ಯಾಗು ಕಾಯುತ್ತಿದ್ದರು. ನಮ್ಮ ಪೈಕಿ ಒಬ್ಬರಾದರೂ "ಅಣ್ಣ, ನೀವೆಲ್ಲಿ ಮಲಗ್ತೀರ?" ಅಂತ ಕೇಳಲಿಲ್ಲ.

ಸ್ವಲ್ಪ ಲೆಕ್ಕ ಮಾಡೋಣ. ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಗಾಡಿ ಸೆಕೆಂಡಿಗೆ 22 ಮೀಟರ್ ಓಡುತ್ತದೆ. ನಾಲ್ಕು ಸೆಕೆಂಡು ರೆಪ್ಪೆ ಮುಚ್ಚಿದರೆ 88 ಮೀಟರ್. ಅಷ್ಟು ದೂರ 14 ಜನರಿರುವ ಗಾಡಿಯನ್ನು ಯಾರೂ ಓಡಿಸುತ್ತಿರುವುದಿಲ್ಲ. ಮನುಷ್ಯನ ದೇಹಕ್ಕೆ ನಿದ್ದೆ ಅತಿ ಹೆಚ್ಚು ಒತ್ತುವುದು ಬೆಳಗಿನ ಜಾವ 2ರಿಂದ 6ರ ನಡುವೆ. ನಮ್ಮ ಪ್ಲಾನು ಆ ಹೊತ್ತಿಗೆ ಸರಿಯಾಗಿ ಹೆದ್ದಾರಿಯಲ್ಲಿದ್ದು, ಅದು ಮುಗಿಯುತ್ತಿದ್ದಂತೆ ದಿಂಬಂನ 27 ತಿರುವಿಗೆ ಕೈ ಹಾಕುತ್ತದೆ. 2022ರಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಸರ್ಕಾರವೇ ಕೊಟ್ಟ ಲೆಕ್ಕ ಇದು. ಅವರಲ್ಲಿ ಯಾರೂ ಸಾಯಲೆಂದು ಪ್ಲಾನ್ ಮಾಡಿ ಹೊರಟವರಲ್ಲ.

ಈಗ ಗುಂಪಿನಲ್ಲಿ ಬಂದ ಮಾತುಗಳಿಗೆ ಬರೋಣ.

"ಡ್ರೈವರಿಗೆ ಅಭ್ಯಾಸ ಇರತ್ತೆ ಕಣ್ಲಾ." ನಿದ್ದೆ ಇಲ್ಲದೆ ಇರುವುದು ಯಾರಿಗೂ ಅಭ್ಯಾಸವಾಗುವುದಿಲ್ಲ. ಸಹಿಸಿಕೊಳ್ಳುವುದು ಅಭ್ಯಾಸವಾಗುತ್ತದೆ, ಅಷ್ಟೇ. ಬಾಡಿಗೆ ಗಾಡಿಯ ಚಾಲಕರಿಗೆ 1988ರ ಮೋಟಾರು ವಾಹನ ಕಾಯ್ದೆಯೇ 1961ರ ಸಾರಿಗೆ ಕಾರ್ಮಿಕರ ಕಾಯ್ದೆಯ ಹೊತ್ತನ್ನು ಅನ್ವಯಿಸಿತ್ತು: ದಿನಕ್ಕೆ 8 ಗಂಟೆ ಕೆಲಸ, ಐದು ಗಂಟೆಗೊಮ್ಮೆ ಕನಿಷ್ಠ ಅರ್ಧ ಗಂಟೆ ವಿರಾಮ. ನಾವು ಓದಿದವರು. ಕಾನೂನು ಗೊತ್ತಿಲ್ಲ ಅನ್ನುವ ಹಾಗಿಲ್ಲ.

"ನಾವು ಊರಿನವರು, ಗೇಟಲ್ಲಿ ಬಿಡ್ತಾರೆ, ಇನ್ನೂ ಮುಂಚೆ ಹೊರಟರೂ ಆಯ್ತು." ಈ ಮಾತು ನಮಗೆ ಹೆಚ್ಚು ನೋವು ಕೊಟ್ಟಿತು. 2022ರ ಫೆಬ್ರವರಿ 10ರಂದು ಮದ್ರಾಸ್ ಹೈಕೋರ್ಟಿನ ಆದೇಶದಂತೆ ಬಣ್ಣಾರಿ–ಕಾರಪಳ್ಳಂ ನಡುವೆ ರಾತ್ರಿ ಸಂಚಾರ ನಿಂತಾಗ ಸರಕು ಗಾಡಿಗೆ ಸಂಜೆ 6, ಕಾರು ವ್ಯಾನಿಗೆ ರಾತ್ರಿ 9 ಅಂತ ಗಡುವು ಬಿತ್ತು. ನಮ್ಮ ತಾಳವಾಡಿ ಬೆಟ್ಟದ ಜನ ಬೀದಿಗಿಳಿದರು. ಇಳಿಯಲೇಬೇಕಿತ್ತು. ಕೋಸು, ಟೊಮ್ಯಾಟೊ ಮಂಡಿಗೆ ಹೋಗಬೇಕು, ಹೆರಿಗೆ ನೋವು ಗಡಿಯಾರ ನೋಡಿ ಬರುವುದಿಲ್ಲ. ಆ ಹೋರಾಟ ಹೊಟ್ಟೆಪಾಡಿನದ್ದು, ಜೀವದ್ದು. ಅದರ ಹೆಸರು ಹೇಳಿಕೊಂಡು ನಾವು ರೂಮು ಬಾಡಿಗೆ ಉಳಿಸಲು ನಡುರಾತ್ರಿ ಗೇಟು ತೆಗೆಸುವುದು ನಮ್ಮ ಅಪ್ಪಂದಿರ ಹೋರಾಟಕ್ಕೆ ಮಾಡುವ ಅವಮಾನ. ಹಾಸನೂರಿನ ಹತ್ತಿರ ಕಬ್ಬಿನ ಲಾರಿಗೆ ಅಡ್ಡ ನಿಲ್ಲುವ ಆನೆಗೂ ನಾವು ಊರಿನವರು ಅನ್ನುವುದು ತಿಳಿಯುವುದಿಲ್ಲ.

"ಆರೋಗ್ಯ ಮಾತೆ ಕಾಪಾಡ್ತಾಳೆ. ಜಪಸರ ಹೇಳ್ಕಂಡ್ ಬಂದ್ರೆ ಆಯ್ತು." ಮಾತೆಯ ಮೇಲಿನ ಭಕ್ತಿ ನಮಗೂ ಇದೆ. ಆದರೆ ದೇವಾಲಯದ ಶಿಖರದಿಂದ ಧುಮುಕು, ದೂತರು ಹಿಡಿಯುತ್ತಾರೆ ಅಂದವನು ಯಾರು, ಯೇಸು ಅವನಿಗೆ ಏನೆಂದರು ಅನ್ನುವುದನ್ನು ನಾವು ತಪಸ್ಸುಕಾಲದಲ್ಲಿ ಕೇಳುತ್ತೇವೆ. ಸಬ್ಬತ್ತಿನ ಕಟ್ಟಳೆಯನ್ನೂ ಬೈಬಲ್ ತೆಗೆದು ಓದಿ. ವಿಶ್ರಾಂತಿ ಯಜಮಾನನಿಗೆ ಮಾತ್ರವಲ್ಲ, ಅವನ ಆಳಿಗೂ, ಎತ್ತಿಗೂ, ಮನೆಗೆ ಬಂದ ಪರದೇಶಿಗೂ ಇದೆ. ಹೋರೇಬ್ ಬೆಟ್ಟದವರೆಗೆ 40 ದಿನ ನಡೆಯಬೇಕಿದ್ದ ಎಲೀಯನಿಗೆ ದೇವದೂತ ಮಾಡಿದ್ದೇನು? ಮಲಗಲು ಬಿಟ್ಟ, ಎಬ್ಬಿಸಿ ರೊಟ್ಟಿ ನೀರು ಕೊಟ್ಟ, ಮತ್ತೆ ಮಲಗಲು ಬಿಟ್ಟ. ದೂರದ ದಾರಿಗೆ ದೇವರ ಪ್ಲಾನು ಹಾಗಿದೆ. ನಮ್ಮದು ಹೇಗಿದೆ?

ಬರೀ ಬೇಡ ಬೇಡ ಅನ್ನುತ್ತಿಲ್ಲ. ಬದಲಿ ಪ್ಲಾನು ಇಲ್ಲಿದೆ. ಶನಿವಾರ ಬೆಳಗ್ಗೆ 7ಕ್ಕೆ ವೇಳಾಂಗಣಿ ಬಿಡೋಣ. ತಿರುಚ್ಚಿಯಲ್ಲಿ ಊಟ, ಒಂದು ಗಂಟೆ ವಿರಾಮ. ನಾಲ್ಕರ ಹೊತ್ತಿಗೆ ಈರೋಡು. ಅಲ್ಲೇ ಸಂಜೆ ಭಾನುವಾರದ ಬಲಿಪೂಜೆ, ಅಲ್ಲೇ ಮಲಗುವುದು. ಭಾನುವಾರ ಬೆಳಗ್ಗೆ 6ಕ್ಕೆ ಹೊರಟರೆ ಹಗಲು ಬೆಳಕಿನಲ್ಲಿ ದಿಂಬಂ, 12ಕ್ಕೆ ಮೈಸೂರು. 1933ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಅಡಿಗಲ್ಲು ಹಾಕಿದ ಚರ್ಚನ್ನು ತೂಕಡಿಸದೆ ನೋಡಬಹುದು. ಮೂರೂವರೆಗೆ ಹೊರಟು ದೀಪ ಹಚ್ಚುವ ಹೊತ್ತಿಗೆ ಗೆಟ್ಟವಾಡಿ. ಅರಮನೆಯ ದೀಪ ತಪ್ಪುತ್ತದೆ, ನಿಜ. ಇನ್ನೊಂದು ಭಾನುವಾರ ಬಸ್ಸಿನಲ್ಲಿ ಹೋಗಿ ನೋಡೋಣ, ಮೈಸೂರು ಎಲ್ಲೂ ಓಡಿಹೋಗುವುದಿಲ್ಲ.

ಈರೋಡಿನ ರೂಮು, ಊಟ, ಡ್ರೈವರಣ್ಣನ ಒಂದು ದಿನದ ಬಾಟಾ ಸೇರಿ 3,500 ರೂಪಾಯಿ ಹೆಚ್ಚಾಗುತ್ತದೆ ಅಂತ ವಿಚಾರಿಸಿದ್ದೇವೆ. 14 ಜನಕ್ಕೆ ಹಂಚಿದರೆ ತಲೆಗೆ 250. ಕೊಡಲು ನಿಜವಾಗಿಯೂ ಆಗದ ಮನೆಗಳು ಎರಡು ಮೂರು ಇವೆ, ಅವರ ಪಾಲನ್ನು ಉಳಿದವರು ಹಾಕೋಣ. ಇದೊಂದು ಷರತ್ತೂ ಇರಲಿ: ವೇಳಾಂಗಣಿಯಲ್ಲೂ ಈರೋಡಿನಲ್ಲೂ ಡ್ರೈವರಣ್ಣನಿಗೆ ಹಾಸಿಗೆ ಇರುವ ಜಾಗ, ನಮ್ಮ ಜೊತೆಯಲ್ಲೇ ಊಟ. ಬ್ಯಾಗನ್ನು ನಾವು ಸರದಿಯಲ್ಲಿ ಕಾಯೋಣ.

ಅಪ್ಪ ಅಮ್ಮಂದಿರೇ, ನಿಮ್ಮ ಮಕ್ಕಳು ಹೊರಡುವ ಮುಂಚೆ "ಎಷ್ಟು ದುಡ್ಡು ಬೇಕು?" ಅಂತ ಕೇಳುತ್ತೀರಿ. ಈ ಸಲ "ಡ್ರೈವರ್ ಎಲ್ಲಿ ಮಲಗ್ತಾರೆ?" ಅಂತಲೂ ಕೇಳಿ. ಅವರಿಗೂ ಮನೆಯಲ್ಲಿ ಮಕ್ಕಳಿವೆ, ಅವರೂ ಬಾಗಿಲ ಕಡೆ ನೋಡುತ್ತಾ ಕೂತಿರುತ್ತಾರೆ.

ಬರುವ ಭಾನುವಾರ ಪೂಜೆ ಮುಗಿದ ಮೇಲೆ ಸಭೆ ಇದೆ. ಹಳೆಯ ಪ್ಲಾನಿಗೇ ಹೆಚ್ಚು ಕೈ ಎತ್ತಿದರೆ ನಾವು ಈ ವರ್ಷ ವ್ಯಾನು ಹತ್ತುವುದಿಲ್ಲ, ಹೆಸರು ಬರೆದುಕೊಳ್ಳುವ ಕೆಲಸವನ್ನೂ ಮಾಡುವುದಿಲ್ಲ. ಕೋಪ ಬಂದರೆ ಸಭೆಗೆ ಬಂದು ಬೈಯಿರಿ. ಬರದೆ ಮಾತ್ರ ಇರಬೇಡಿ.