ಸೀಟಿ ಊದುವವರ ಮಾತು

ಮಗಳು ಖೋಖೋ ತಂಡಕ್ಕೋ ಕಬಡ್ಡಿ ತಂಡಕ್ಕೋ ಆಯ್ಕೆಯಾದರೆ ಮನೆಯಲ್ಲಿ ಎರಡು ದಿನ ಅದೇ ಸುದ್ದಿ. ಬೂಟು ತೊಳೆದಿಡಬೇಕು, ಬುತ್ತಿ ಕಟ್ಟಬೇಕು, ಅಬ್ಬಾನನ್ನು ಒಪ್ಪಿಸಬೇಕು. ಸಂಜೆ ಆಕೆ ಮೈಯೆಲ್ಲ ಧೂಳು ಮಾಡಿಕೊಂಡು ಮರಳಿದಾಗ ನಾವು ಕೇಳುವುದು ಒಂದೇ ಪ್ರಶ್ನೆ: "ಗೆದ್ರೋ, ಸೋತ್ರೋ?" ಇನ್ನೊಂದು ಪ್ರಶ್ನೆಯನ್ನೂ ಕೇಳಿ ನೋಡಿ: "ಅಂಪೈರ್ ನಿಮ್ಮ ಟೀಚರನ್ನು ಹೇಗೆ ಮಾತಾಡಿಸಿದರು?"

ಇದೆಂಥ ಪ್ರಶ್ನೆ ಎಂದು ಕೆಲವು ಸಹೋದರಿಯರಿಗೆ ಅನಿಸಬಹುದು. ಆದರೆ ಮೈದಾನದಲ್ಲಿ ನ್ಯಾಯ ನಡೆಯಿತೋ ಇಲ್ಲವೋ ಎಂಬುದು ಮಕ್ಕಳಿಗೆ ಮೊದಲು ತಿಳಿಯುವುದು ಅಂಕದಿಂದಲ್ಲ, ಮಾತಿನಿಂದ. ಎರಡು ತಂಡಗಳ ಕೋಚ್‌ಗಳನ್ನು ನಿರ್ಣಾಯಕರು ಎರಡು ರೀತಿಯಲ್ಲಿ ಕರೆದರೆ, ಆಟ ಶುರುವಾಗುವ ಮೊದಲೇ ಒಂದು ತಂಡ ಅರ್ಧ ಸೋತಿರುತ್ತದೆ.

ತುರ್ವಿಹಾಳದಂಥ ಹೋಬಳಿ ಊರುಗಳ ಶಾಲಾ ಕ್ರೀಡಾಕೂಟಗಳಲ್ಲಿ ನಿರ್ಣಾಯಕರೆಂದು ಹೊರಗಿನಿಂದ ಯಾರೂ ಬರುವುದಿಲ್ಲ. ನಮ್ಮ ದೈಹಿಕ ಶಿಕ್ಷಕರೇ ನಿರ್ಣಾಯಕರು. ಹತ್ತು ಗಂಟೆಯ ಪಂದ್ಯದಲ್ಲಿ ತಮ್ಮ ಶಾಲೆಯ ಹುಡುಗರಿಗೆ ಗೆರೆಯಾಚೆಯಿಂದ ಕೂಗಿ ಹೇಳುತ್ತಿದ್ದ ಮಾಸ್ತರರೇ ಹನ್ನೊಂದು ಗಂಟೆಗೆ ಸೀಟಿ ಕೊರಳಿಗೆ ಹಾಕಿಕೊಂಡು ಬೇರೆಯವರ ಪಂದ್ಯಕ್ಕೆ ನಿಲ್ಲುತ್ತಾರೆ. ಅವರಲ್ಲಿ ಅನೇಕರು ಜೊತೆಯಲ್ಲಿ ಓದಿದವರು, ವರ್ಷಗಟ್ಟಲೆ ಒಂದೇ ಬಸ್ಸಿನಲ್ಲಿ ಓಡಾಡಿದವರು. ಸ್ನೇಹ ಇರುವುದು ತಪ್ಪಲ್ಲ. ಆದರೆ ಪಂದ್ಯದ ನಡುವೆ ಒಬ್ಬ ಕೋಚ್‌ಗೆ "ಅಣ್ಣಾ, ಸ್ವಲ್ಪ ಹಿಂದ ಸರಿ" ಎಂದು ನಗುತ್ತ ಹೇಳಿ, ಅದೇ ಕಾರಣಕ್ಕೆ ಇನ್ನೊಬ್ಬರಿಗೆ "ಏನ್ರೀ ಮಾಸ್ತರ, ರೂಲ್ಸ್ ಗೊತ್ತಿಲ್ಲೇನು?" ಎಂದರೆ ಕೇಳುವ ಮಕ್ಕಳಿಗೆ ಏನನಿಸಬೇಡ?

ಇಂಗ್ಲಿಷಿನವರಿಗೆ ಈ ಕಷ್ಟ ಕಡಿಮೆ. ಅವರಿಗೆ ದೊಡ್ಡವರಿಗೂ ಚಿಕ್ಕವರಿಗೂ ಒಂದೇ ಪದ. ನಮ್ಮ ಕನ್ನಡದಲ್ಲಿ ನೀನು, ನೀವು, ತಾವು ಇವೆ. ಮನೆಯ ಮಾತಿನಲ್ಲಿ ತೂ, ತುಮ್, ಆಪ್ ಇವೆ. ಯಾವ ಪದ ಬಾಯಿಗೆ ಬಂತು ಎನ್ನುವುದರಲ್ಲೇ ಯಾರು ಹತ್ತಿರದವರು, ಯಾರು ದೂರದವರು ಎಂಬುದು ಹೊರಬೀಳುತ್ತದೆ.

ಸಿಂಧನೂರು ತಾಲೂಕಿನಲ್ಲಿ ಇದಕ್ಕೆ ಇನ್ನೊಂದು ತೊಡಕೂ ಸೇರುತ್ತದೆ. ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಂದ ಮೇಲೆ ಆಂಧ್ರದಿಂದ ಬಂದ ರೈತರ ಕ್ಯಾಂಪುಗಳಿವೆ, ಬಂಗಾಳಿ ನಿರಾಶ್ರಿತರಿಗೆಂದು ಮಾಡಿದ ಕ್ಯಾಂಪುಗಳಿವೆ, ಉರ್ದು ಶಾಲೆಗಳಿವೆ. ಒಂದೇ ಅಂಗಳದಲ್ಲಿ ಕನ್ನಡ, ತೆಲುಗು, ದಖನಿ, ಬಂಗಾಳಿ ನಾಲ್ಕೂ ಕೇಳಿಸುತ್ತವೆ. ನೋಡಲು ಚೆಂದ. ಆದರೆ ನಿರ್ಣಾಯಕರು ಒಬ್ಬ ಕೋಚ್ ಬಳಿ ಹೋಗಿ ತೆಲುಗಿನಲ್ಲಿ ನಾಲ್ಕು ಮಾತಾಡಿ ಬಂದರೆ ಆಚೆಯವರಿಗೆ ಅನುಮಾನ ಖಂಡಿತ. ಉರ್ದುವಿನಲ್ಲಿ ಆಡಿದರೂ ಅಷ್ಟೇ. ನಮ್ಮ ಭಾಷೆ ಎಂದು ನಾವು ಹಿಗ್ಗಬೇಕಿಲ್ಲ. ಹೇಳಬೇಕಾದ್ದನ್ನು ಎಲ್ಲರಿಗೂ ತಿಳಿಯುವ ಕನ್ನಡದಲ್ಲಿ ಹೇಳಲಿ. ಬೇರೆ ಭಾಷೆಯಲ್ಲಿ ಹೇಳಲೇಬೇಕಾದರೆ, ಅದನ್ನೇ ಇನ್ನೊಮ್ಮೆ ಕನ್ನಡದಲ್ಲಿ, ಎರಡೂ ಕಡೆಯವರಿಗೆ ಕೇಳುವಂತೆ ಹೇಳಲಿ.

ಮಾತು ಅರ್ಥವಾಗದೆ ಹೋದ ಒಂದು ಪ್ರಸಂಗ ಜಗತ್ತಿನ ಫುಟ್‌ಬಾಲನ್ನೇ ಬದಲಿಸಿದೆ. 1966ರ ವಿಶ್ವಕಪ್‌ನಲ್ಲಿ ಇಂಗ್ಲೆಂಡ್ ಮತ್ತು ಅರ್ಜೆಂಟೀನಾ ನಡುವಿನ ಕ್ವಾರ್ಟರ್ ಫೈನಲ್. ರೆಫರಿ ರುಡಾಲ್ಫ್ ಕ್ರೈಟ್ಲೈನ್ ಜರ್ಮನಿಯವರು. ಅವರು ಅರ್ಜೆಂಟೀನಾದ ನಾಯಕ ರಟಿನ್ ಅವರನ್ನು ಹೊರಗೆ ಕಳಿಸಿದರು. ರಟಿನ್ ಆಡುತ್ತಿದ್ದುದು ಸ್ಪ್ಯಾನಿಷ್. ದುಭಾಷಿ ಬೇಕೆಂದು ಅವರು ಹಟ ಹಿಡಿದರು, ಬಹಳ ಹೊತ್ತು ಮೈದಾನ ಬಿಟ್ಟು ಕದಲಲಿಲ್ಲ. ರೆಫರಿಗಳ ಹೊಣೆ ಹೊತ್ತಿದ್ದ ಕೆನ್ ಆಸ್ಟನ್ ಅವರಿಗೆ ಆಮೇಲೆ ರಸ್ತೆಯ ಸಿಗ್ನಲ್ ದೀಪ ಕಂಡು ಹಳದಿ ಮತ್ತು ಕೆಂಪು ಕಾರ್ಡುಗಳ ಯೋಚನೆ ಹೊಳೆಯಿತಂತೆ. 1970ರ ಮೆಕ್ಸಿಕೊ ವಿಶ್ವಕಪ್‌ನಲ್ಲಿ ಅವು ಬಳಕೆಗೆ ಬಂದವು. 2019ರಿಂದ ಫುಟ್‌ಬಾಲ್ ನಿಯಮದಲ್ಲಿ ಕೋಚ್‌ಗಳಿಗೂ ಇದೇ ಕಾರ್ಡುಗಳನ್ನು ತೋರಿಸಬಹುದು. ಬೆಂಚಿನಲ್ಲಿದ್ದವರ ಪೈಕಿ ತಪ್ಪು ಮಾಡಿದ್ದು ಯಾರೆಂದು ತಿಳಿಯದಿದ್ದರೆ ಅಲ್ಲಿರುವ ಹಿರಿಯ ಕೋಚ್‌ಗೇ ಶಿಕ್ಷೆ. ಕಾರ್ಡಿನ ಒಂದು ಉಪಕಾರವೆಂದರೆ ಅದಕ್ಕೆ ಏಕವಚನ ಬಹುವಚನಗಳಿಲ್ಲ. ನಮ್ಮ ಕಬಡ್ಡಿಯಲ್ಲೂ ಹಸಿರು, ಹಳದಿ, ಕೆಂಪು ಕಾರ್ಡುಗಳಿವೆ. ಸಣ್ಣ ಕೂಟಗಳಲ್ಲಿ ಅವು ಜೇಬಿನಿಂದ ಹೊರಬರುವುದು ಅಪರೂಪ, ಬರುವುದು ಬೈಗುಳವೇ.

ವಾಲಿಬಾಲ್‌ನವರು ಇದನ್ನು ಇನ್ನೂ ಜಾಣತನದಿಂದ ಬಿಡಿಸಿಕೊಂಡಿದ್ದಾರೆ. ಅಲ್ಲಿ ತೀರ್ಪಿನ ಬಗ್ಗೆ ರೆಫರಿಯನ್ನು ವಿಚಾರಿಸುವ ಹಕ್ಕು ಅಂಗಳದಲ್ಲಿರುವ ನಾಯಕನಿಗೆ ಅಥವಾ ನಾಯಕಿಗೆ ಮಾತ್ರ. ಕೋಚ್ ಟೈಮ್ ಔಟ್ ಕೇಳಬಹುದು, ಆಟಗಾರರನ್ನು ಬದಲಿಸಬಹುದು, ಆಟಕ್ಕೆ ಅಡ್ಡಿಯಾಗದಂತೆ ಸೂಚನೆ ಕೊಡಬಹುದು, ವಾದಕ್ಕೆ ಇಳಿಯುವಂತಿಲ್ಲ. ಸಣ್ಣ ತಪ್ಪಿಗೆ ರೆಫರಿ ಕೊಡುವ ಮೊದಲ ಬಾಯಿಮಾತಿನ ಎಚ್ಚರಿಕೆಯೂ ನಾಯಕಿಯ ಮೂಲಕವೇ ತಂಡಕ್ಕೆ ತಲುಪುತ್ತದೆ. ಹದಿಮೂರು ವರ್ಷದ ಹುಡುಗಿಯೊಬ್ಬಳು ಕೈ ಎತ್ತಿ, "ಸರ್, ಆ ಪಾಯಿಂಟ್ ಯಾಕೆ ಕೊಟ್ಟಿರಿ?" ಎಂದು ಕೇಳುವುದು, ಅವರು ಅವಳಿಗೆ ಉತ್ತರ ಕೊಡುವುದು ಎಷ್ಟು ದೊಡ್ಡ ಕಲಿಕೆ! ದುರದೃಷ್ಟವಶಾತ್ ನಮ್ಮಲ್ಲಿ ಅವಳು ಬಾಯಿ ತೆರೆಯುವ ಮೊದಲೇ ಇಬ್ಬರು ಮಾಸ್ತರರು ಕಂಬದ ಬಳಿ ಜಗಳಕ್ಕೆ ನಿಂತಿರುತ್ತಾರೆ.

ದೊಡ್ಡ ಮೈದಾನಗಳಲ್ಲಿ ಎಲ್ಲವೂ ಸರಿಯಾಗಿದೆ ಎಂದೇನಿಲ್ಲ. 2023ರ ಮಾರ್ಚ್ 3ರಂದು ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ಬೆಂಗಳೂರು ಎಫ್‌ಸಿ ಮತ್ತು ಕೇರಳ ಬ್ಲಾಸ್ಟರ್ಸ್ ನಡುವೆ ಐಎಸ್‌ಎಲ್ ಪಂದ್ಯ ನಡೆದಿತ್ತು. ಹೆಚ್ಚುವರಿ ಸಮಯದಲ್ಲಿ ಸುನಿಲ್ ಛೆತ್ರಿ ಫ್ರೀ ಕಿಕ್ಕನ್ನು ತಟ್ಟನೆ ಒದ್ದರು, ಚೆಂಡು ಗೋಲಿಗೆ ಹೋಯಿತು, ರೆಫರಿ ಗೋಲು ಕೊಟ್ಟರು. ನಾವಿನ್ನೂ ಸಿದ್ಧರಾಗಿರಲಿಲ್ಲ ಎಂಬುದು ಕೇರಳದವರ ದೂರು. ಕೋಚ್ ಇವಾನ್ ವುಕೊಮನೊವಿಚ್ ತಮ್ಮ ಆಟಗಾರರನ್ನೆಲ್ಲ ಹೊರಗೆ ಕರೆದುಕೊಂಡು ಹೋದರು, ಪಂದ್ಯ ಅಲ್ಲಿಗೇ ನಿಂತಿತು. ಅವರ ಆಕ್ಷೇಪ ತಿರಸ್ಕೃತವಾಯಿತು. ಕ್ಲಬ್ಬಿಗೆ 4 ಕೋಟಿ ರೂಪಾಯಿ, ಕೋಚ್‌ಗೆ 5 ಲಕ್ಷ ರೂಪಾಯಿ ದಂಡ ಬಿತ್ತು. ಜೊತೆಗೆ ಕೋಚ್‌ಗೆ ಹತ್ತು ಪಂದ್ಯಗಳ ನಿಷೇಧ. ತಂಡವನ್ನು ಹೊರಗೆ ಕರೆದೊಯ್ದದ್ದು ತಪ್ಪೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ನಮ್ಮ ಊರಿನ ನಿರ್ಣಾಯಕರಿಗೆ ಇದರಲ್ಲಿ ಒಂದು ಪಾಠವಿದೆ. "ಸೀಟಿಗೆ ಕಾಯಿರಿ" ಅಥವಾ "ಸೀಟಿ ಇಲ್ಲ, ಆಡಬಹುದು" ಎಂಬ ಎರಡು ಪದಗಳನ್ನು ಎರಡೂ ತಂಡಗಳಿಗೆ ಕೇಳುವಂತೆ ಮೊದಲೇ ಹೇಳಿಬಿಟ್ಟರೆ ಎಷ್ಟೋ ಜಗಳ ಹುಟ್ಟುವುದೇ ಇಲ್ಲ.

ಇನ್ನು ಮಹಿಳಾ ಕೋಚ್‌ಗಳ ವಿಷಯ. ಈ ಅಂಕಣ ಬರೆಯಲು ನಿಜವಾದ ಕಾರಣ ಇದೇ. ಒಂದು ವರ್ಷ ಹುಡುಗಿಯರ ಥ್ರೋಬಾಲ್ ಪಂದ್ಯ ನೋಡುತ್ತ ನಿಂತಿದ್ದೆ. ಚೆಂಡು ಗೆರೆಯ ಮೇಲೆ ಬಿತ್ತೋ ಹೊರಗೆ ಬಿತ್ತೋ ಎಂದು ಶಿಕ್ಷಕಿಯೊಬ್ಬರು ಮೆಲ್ಲಗೆ ಕೇಳಿದರು. ಅಂಪೈರ್ ತಿರುಗಿಯೂ ನೋಡದೆ, "ಸುಮ್ಕ ಕುಂದ್ರವ್ವ ನೀ" ಎಂದುಬಿಟ್ಟರು. ಸುತ್ತ ನಿಂತವರು ನಕ್ಕರು. ಆಚೆಯ ತಂಡದ ಕೋಚ್ ಅದಕ್ಕಿಂತ ಜೋರಾಗಿ ಕೂಗುತ್ತಲೇ ಇದ್ದರು, ಅವರಿಗೆ ಮಾತ್ರ "ಸರ್". ಅವ್ವ ಎಂಬುದು ನಮ್ಮ ಕಡೆ ಎಷ್ಟು ಅಕ್ಕರೆಯ ಪದ! ಅದನ್ನೇ ಬಾಯಿ ಮುಚ್ಚಿಸಲು ಬಳಸಿದಾಗ ಅದರಲ್ಲಿ ಅಕ್ಕರೆ ಎಲ್ಲಿ ಉಳಿಯಿತು? ಅಂದು ಆ ಶಿಕ್ಷಕಿ ಮತ್ತೆ ಮಾತಾಡಲಿಲ್ಲ. ಹುಡುಗಿಯರ ಕೈ ಸೋತಂತೆ ಕಂಡಿತು, ಕೈಗೆ ಬಂದ ಚೆಂಡುಗಳೂ ಜಾರಿದವು. ಮರುವರ್ಷ ಹೆಸರು ಕೊಡುವಾಗ ಆ ತಂಡದ ಇಬ್ಬರು ಹಿಂದೆ ಸರಿದರಂತೆ. ಟೀಚರಿಗೇ ಇಷ್ಟು ಮರ್ಯಾದೆ ಇಲ್ಲದ ಕಡೆ ನಮ್ಮ ಹುಡುಗಿಯನ್ನು ಹೇಗೆ ಕಳಿಸುವುದು ಎಂದು ಮನೆಯವರು ಕೇಳಿದರೆ ಉತ್ತರ ಕೊಡುವುದು ಕಷ್ಟ.

ಸೀಟಿ ಹೆಣ್ಣುಮಕ್ಕಳ ಕೈಗೂ ಬಂದಿರುವ ಕಾಲವಿದು. ಆಂಧ್ರದ ಜಿ.ಎಸ್. ಲಕ್ಷ್ಮಿ 2019ರಲ್ಲಿ ಐಸಿಸಿಯ ಮೊದಲ ಮಹಿಳಾ ಮ್ಯಾಚ್ ರೆಫರಿಯಾದರು. 2022ರಲ್ಲಿ ಕತಾರ್‌ನ ವಿಶ್ವಕಪ್‌ನಲ್ಲಿ ಜರ್ಮನಿ ಮತ್ತು ಕೋಸ್ಟರಿಕಾ ಪುರುಷರ ಪಂದ್ಯವನ್ನು ನಡೆಸಿದ್ದು ಫ್ರಾನ್ಸಿನ ಸ್ಟೆಫಾನಿ ಫ್ರಪಾರ್ ಎಂಬ ಮಹಿಳೆ.

ಇಷ್ಟು ಮೃದುವಾಗಿದ್ದರೆ ಕೋಚ್‌ಗಳು ತಲೆಯ ಮೇಲೆ ಕೂರುತ್ತಾರೆ ಎಂದು ಹಿರಿಯ ದೈಹಿಕ ಶಿಕ್ಷಕರೊಬ್ಬರು ನನ್ನೊಂದಿಗೆ ವಾದಿಸಿದರು. ಅವರ ಅನುಭವ ಸುಳ್ಳಲ್ಲ. ಕೂಗಾಡಿ ತೀರ್ಪು ತಿರುಗಿಸಲು ನೋಡುವ ಕೋಚ್‌ಗಳು ಇದ್ದಾರೆ. ಆದರೆ ಮರ್ಯಾದೆ ಬೇರೆ, ಮೆತ್ತಗಾಗುವುದು ಬೇರೆ. "ಸರ್, ಗೆರೆ ದಾಟಿ ಒಳಗೆ ಬಂದಿದ್ದೀರಿ. ಹಿಂದೆ ಹೋಗಿ. ಇನ್ನೊಮ್ಮೆ ಬಂದರೆ ಕಾರ್ಡ್ ಕೊಡುತ್ತೇನೆ." ಇದರಲ್ಲಿ ಮೆತ್ತಗಿನದು ಏನಿದೆ? ಬೆರಳು ತೋರಿಸಿಲ್ಲ, ಮೈ ಮುಟ್ಟಿಲ್ಲ, ಹಳೆಯ ಪಂದ್ಯದ ಜಗಳ ತೆಗೆದಿಲ್ಲ, ಮಕ್ಕಳ ಮುಂದೆ ಅವರ ತಿಳಿವಳಿಕೆಯನ್ನು ಹೀಯಾಳಿಸಿಲ್ಲ. ಹೇಳಿದ ಮೇಲೆ ಮತ್ತೆ ಬಂದರೆ ಕಾರ್ಡ್ ಕೊಡಲೇಬೇಕು, ಗೆಳೆಯನಾದರೂ ಸರಿ. ಗಂಡಸರಿಗೆ ಸರ್, ಹೆಂಗಸರಿಗೆ ಮೇಡಂ, ಇಬ್ಬರಿಗೂ ನೀವು. ದೋಸ್ತಿ, ಅಣ್ಣಾ, ಭಾಯ್ ಎಲ್ಲವನ್ನೂ ಚಹಾದ ಅಂಗಡಿಗೆ ಇಟ್ಟುಕೊಳ್ಳಲಿ.

ತಾಯಂದಿರಿಗೆ ಒಂದು ಕೋರಿಕೆ. ಸಾಧ್ಯವಾದರೆ ಒಂದು ಪಂದ್ಯಕ್ಕಾದರೂ ಹೋಗಿ ನಿಲ್ಲಿ. ನೋಡುವವರಲ್ಲಿ ತಾಯಂದಿರಿದ್ದರೆ ಅನೇಕ ನಾಲಿಗೆಗಳು ತಾವಾಗಿಯೇ ಸರಿದಾರಿಗೆ ಬರುತ್ತವೆ. ಏನಾದರೂ ಅನ್ಯಾಯ ಕಂಡರೆ ಅಂಗಳಕ್ಕೆ ನುಗ್ಗಬೇಡಿ. ಪಂದ್ಯ ಮುಗಿದ ಮೇಲೆ ಏನು ನಡೆಯಿತು, ಯಾವ ಮಾತು ಆಡಿದರು ಎಂಬುದನ್ನು ಒಂದು ಹಾಳೆಯಲ್ಲಿ ಬರೆದು ಮುಖ್ಯೋಪಾಧ್ಯಾಯರ ಮೂಲಕ ಕೂಟದ ಸಂಘಟಕರಿಗೆ ತಲುಪಿಸಿ.